ಇಂದಿನ ಧಮ್ಮ ಚಿಂತನೆ: ‘ಎರಡನ್ನೂ ಕಲಿಸಿದರೆ ತಪ್ಪೇನು?’



ಕಳೆದ ಭಾನುವಾರ ನಾಗಲಮಡಿಕೆಯ ನಮ್ಮ ಅಧ್ಯಯನ ಬಳಗದಲ್ಲಿ ತಿಸರಣ, ಪಂಚಶೀಲ ಮುಗಿಸಿ ಕೂತಿದ್ದೆವು. ತಂಗಿಯೊಬ್ಬಳು ಮೊಬೈಲ್ ತೋರಿಸಿದಳು. ಅವಳ ಮಗನ ಶಾಲೆಯ ಪೋಷಕರ ಗುಂಪಿಗೆ ಒಂದು ಸಂದೇಶ ಬಂದಿತ್ತು. ‘ಮನುಷ್ಯನ ಕಣ್ಣು ನೋಡಿ, ಎಷ್ಟು ಸೂಕ್ಷ್ಮ! ಇದು ತಾನಾಗಿ ಆಗಲು ಸಾಧ್ಯವೇ? ಯಾರೋ ಮಹಾ ಬುದ್ಧಿಶಾಲಿ ಯೋಚಿಸಿ ಮಾಡಿರಲೇಬೇಕು. ಶಾಲೆಯಲ್ಲಿ ಡಾರ್ವಿನ್ ಜೊತೆಗೆ ಇದನ್ನೂ ಕಲಿಸಲಿ, ಮಕ್ಕಳೇ ಆರಿಸಿಕೊಳ್ಳಲಿ’ ಎಂದು ಅದರಲ್ಲಿತ್ತು.

“ಎರಡನ್ನೂ ಕಲಿಸಿದರೆ ತಪ್ಪೇನು ಅಕ್ಕಾ? ನಾವೇ ಹೇಳ್ತೀವಲ್ಲ, ಎಲ್ಲವನ್ನೂ ಕೇಳು, ಯೋಚನೆ ಮಾಡು ಅಂತ?” ಎಂದಳು.

ಅವತ್ತು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಆದ್ದರಿಂದ ಇಂದಿನ ಚಿಂತನೆ ಸ್ವಲ್ಪ ಉದ್ದವಿದೆ, ದಯವಿಟ್ಟು ಬಿಡುವು ಮಾಡಿಕೊಂಡು ಓದಿ. ನಾನು ಕನ್ನಡ ಮೇಡಂ, ವಿಜ್ಞಾನದ ಮೇಡಂ ಅಲ್ಲ. ನನಗೆ ತಿಳಿದ ದಾರಿಯಲ್ಲೇ ಹೇಳುತ್ತೇನೆ.

*1. ಈ ಮಾತು ಎಲ್ಲಿಂದ ಬಂತು?*

ಇದು ನಮ್ಮೂರಿನ ಜಗಳವಲ್ಲ. 1802ರಲ್ಲಿ ಇಂಗ್ಲೆಂಡಿನ ವಿಲಿಯಂ ಪೇಲಿ ಎಂಬ ಪಾದ್ರಿ ಒಂದು ವಾದ ಬರೆದ. ದಾರಿಯಲ್ಲಿ ಗಡಿಯಾರ ಸಿಕ್ಕರೆ ಅದನ್ನು ಮಾಡಿದವನೊಬ್ಬ ಇದ್ದಾನೆ ಅನ್ನುತ್ತೀರಿ, ಹಾಗೆಯೇ ಈ ಜೀವಿಗಳನ್ನು ಮಾಡಿದವನೂ ಇರಬೇಕು ಎಂಬುದು ಅವನ ವಾದ. 1859ರಲ್ಲಿ ಡಾರ್ವಿನ್ ಪುಸ್ತಕ ಬಂತು. ಮಾಡುವವನು ಇಲ್ಲದೆಯೂ ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತವೆ ಎಂದು ಆಧಾರ ಸಹಿತ ತೋರಿಸಿತು.

ಅಮೆರಿಕದಲ್ಲಿ ಈ ಜಗಳ ಶಾಲೆಯ ಒಳಗೇ ನಡೆಯಿತು. ದೇವರು ಸೃಷ್ಟಿಸಿದ ಎಂಬುದನ್ನು ವಿಜ್ಞಾನದ ಹೆಸರಿನಲ್ಲಿ ಸರ್ಕಾರಿ ಶಾಲೆಯಲ್ಲಿ ಕಲಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು. ಆಮೇಲೆ ಅದೇ ವಾದ ‘ಇಂಟೆಲಿಜೆಂಟ್ ಡಿಸೈನ್’ ಎಂಬ ಹೆಸರಿನಲ್ಲಿ ಬಂತು. 2004ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನ ಶಾಲಾ ಮಂಡಳಿ ಒಂದು ಹೇಳಿಕೆ ಸಿದ್ಧ ಮಾಡಿ, ಒಂಬತ್ತನೇ ತರಗತಿಯ ಜೀವಶಾಸ್ತ್ರದ ಮಕ್ಕಳಿಗೆ ಓದಿ ಹೇಳಬೇಕು ಎಂದಿತು. ಅಲ್ಲಿನ ವಿಜ್ಞಾನ ಶಿಕ್ಷಕರು ಓದುವುದಿಲ್ಲ ಎಂದರು. ಹನ್ನೊಂದು ಮಂದಿ ಪೋಷಕರು ಕೋರ್ಟಿಗೆ ಹೋದರು.

ವಿಚಾರಣೆಯಲ್ಲಿ ಒಂದು ಸಂಗತಿ ಹೊರಬಿತ್ತು, ಭಾಷೆಯ ಮೇಡಂ ಆದ ನನಗೆ ಅದು ಮರೆಯದ ಪಾಠ. ಶಾಲೆ ಸೂಚಿಸಿದ್ದ ಪುಸ್ತಕದ ಹಳೆಯ ಕರಡುಗಳನ್ನು ತೆಗೆದು ನೋಡಿದಾಗ, 1987ರ ತೀರ್ಪಿನ ನಂತರ ‘ಸೃಷ್ಟಿವಾದಿಗಳು’ ಎಂಬ ಪದ ಅಳಿಸಿ ‘ವಿನ್ಯಾಸವಾದಿಗಳು’ ಎಂದು ಹಾಕಿರುವುದು ಕಂಡಿತು. ಒಂದು ಕಡೆಯಂತೂ ಅಳಿಸುವ ಆತುರದಲ್ಲಿ ಹಳೆಯ ಪದದ ಅಕ್ಷರಗಳು ಹೊಸ ಪದದ ಆಚೀಚೆ ಹಾಗೇ ಉಳಿದುಬಿಟ್ಟಿದ್ದವು. ಹೆಸರು ಬದಲಾಗಿತ್ತು, ಸರಕು ಬದಲಾಗಿರಲಿಲ್ಲ. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ ಇದು ವಿಜ್ಞಾನವಲ್ಲ, ಧಾರ್ಮಿಕ ನಂಬಿಕೆ ಎಂದು ತೀರ್ಪು ಕೊಟ್ಟರು.

*2. ನಮ್ಮಲ್ಲಿ ಏನಾಯಿತು?*

2018ರ ಜನವರಿಯಲ್ಲಿ ಕೇಂದ್ರದ ಅಂದಿನ ಮಾನವ ಸಂಪನ್ಮೂಲ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಔರಂಗಾಬಾದಿನಲ್ಲಿ, ಡಾರ್ವಿನ್ ಸಿದ್ಧಾಂತ ತಪ್ಪು, ಕೋತಿ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ, ಶಾಲಾ ಕಾಲೇಜಿನ ಪಾಠ ಬದಲಾಗಬೇಕು ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು, ಅದರಲ್ಲಿ ಬೆಂಗಳೂರಿನದೂ ಒಂದು, ಒಟ್ಟಾಗಿ ಅದನ್ನು ತಳ್ಳಿಹಾಕಿದವು. ಔರಂಗಾಬಾದ್ ಎಂದರೆ ಬಾಬಾಸಾಹೇಬರು 1950ರಲ್ಲಿ ಕಾಲೇಜು ತೆರೆದ ಊರು. ಆ ಕಾಲೇಜಿಗೆ ಅವರು ಇಟ್ಟ ಹೆಸರು ಮಿಲಿಂದ. ಭಿಕ್ಷು ನಾಗಸೇನರಿಗೆ ಬಿಡದೆ ಪ್ರಶ್ನೆ ಕೇಳಿದ ರಾಜನ ಹೆಸರು ಅದು.

2022ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯವನ್ನು ಬರೀ ‘ಅನುವಂಶೀಯತೆ’ ಮಾಡಿತು. ಕೊರೋನಾ ಕಾಲದ ಹೊರೆ ಇಳಿಸಲು ಎಂಬುದು ಅವರು ಕೊಟ್ಟ ಕಾರಣ. 2023ರ ಏಪ್ರಿಲ್‌ನಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಆ ಪಾಠ ವಾಪಸು ತನ್ನಿ ಎಂದು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂಬ ಉತ್ತರ ಬಂತು.

ನ್ಯಾಯವಾಗಿ ಹೇಳಬೇಕೆಂದರೆ, ತೆಗೆದ ಜಾಗದಲ್ಲಿ ಯಾರೂ ‘ಬುದ್ಧಿಶಾಲಿ ಸೃಷ್ಟಿಕರ್ತ’ನ ಪಾಠ ಹಾಕಿಲ್ಲ. ಆದರೆ ನಮ್ಮ ಕಾಲೋನಿಯ ಮಕ್ಕಳ ಲೆಕ್ಕ ಹಾಕಿ ನೋಡಿ. ಹತ್ತನೆಯದಕ್ಕೆ ನಿಲ್ಲಿಸುವವರು, ಐಟಿಐಗೆ ಹೋಗುವವರು, ಆರ್ಟ್ಸ್, ಕಾಮರ್ಸ್ ತೆಗೆದುಕೊಳ್ಳುವವರು ಬಿಟ್ಟರೆ, ಪಿಯುಸಿಯಲ್ಲಿ ಬಯಾಲಜಿ ಓದುವವರು ಎಷ್ಟು ಜನ? ಉಳಿದ ಮಕ್ಕಳಿಗೆ ಹತ್ತನೇ ತರಗತಿಯೇ ಕೊನೆಯ ಅವಕಾಶ. ಆಮೇಲೆ ಅವರಿಗೆ ಈ ವಿಷಯ ಕಲಿಸುವುದು ವಾಟ್ಸಾಪ್.

*3. ನಾನು ಮಾಡಿದ ತಪ್ಪು*

ಎರಡು ವರ್ಷದ ಹಿಂದೆ ಹತ್ತನೇ ತರಗತಿಗೆ ಹಳಗನ್ನಡ ಪಾಠ ಮಾಡುತ್ತಿದ್ದೆ. ‘ಪಾಲ್’ ಹೋಗಿ ‘ಹಾಲು’ ಆಯಿತು, ‘ಪುಲಿ’ ಹೋಗಿ ‘ಹುಲಿ’ ಆಯಿತು ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಮೇಡಂ, ಮನುಷ್ಯರೂ ಹಿಂಗೇ ಬದಲಾಗ್ತಾ ಬಂದ್ರಾ? ಇಲ್ಲಾ ದೇವರು ಮಾಡಿದ್ದಾ? ನಮ್ಮಜ್ಜಿ ಹೇಳ್ತದೆ, ಒಬ್ಬೊಬ್ರನ್ನ ಒಂದೊಂದು ಕಡೆಯಿಂದ ಮಾಡಿದ್ನಂತೆ, ನಮ್ಮನ್ನ ಕಾಲಿನಿಂದ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಬೆಲ್ ಹೊಡೆಯಲು ಐದು ನಿಮಿಷವಿತ್ತು. “ಅದೆಲ್ಲ ಪರೀಕ್ಷೆಗೆ ಬರಲ್ಲ, ಕೂತ್ಕೋ” ಎಂದುಬಿಟ್ಟೆ.

ಹುಡುಗ ಕೂತ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನು ಕೇಳಿದ್ದು ಕೋತಿಯ ವಿಷಯವಲ್ಲ. ‘ನಾನು ಕೀಳು ಎಂದು ಮೊದಲೇ ಬರೆದಿಟ್ಟಿದ್ದಾರೆಯೇ?’ ಎಂದು ಅವನು ಕೇಳಿದ್ದ. ಪುರುಷಸೂಕ್ತದ ಲೆಕ್ಕದಲ್ಲಿ ಕಾಲಿನಿಂದ ಹುಟ್ಟಿದವರು ಶೂದ್ರರು, ನಮಗೆ ಆ ದೇಹದಲ್ಲಿ ಜಾಗವೇ ಇಲ್ಲ. ಅಜ್ಜಿ ನಮ್ಮನ್ನು ಹೇಗೋ ಕಾಲಿನ ಹತ್ತಿರವಾದರೂ ಸೇರಿಸಿದ್ದಳು, ಪಾಪ. ಬಾಬಾಸಾಹೇಬರು ‘ಶೂದ್ರರು ಯಾರು?’ (1946) ಪುಸ್ತಕದಲ್ಲಿ ಮೊದಲು ಕೈಗೆತ್ತಿಕೊಂಡದ್ದೇ ಈ ಪುರುಷಸೂಕ್ತವನ್ನು. ‘ಹೀಗೆಂದು ಮೇಲಿನವನು ವಿನ್ಯಾಸ ಮಾಡಿದ’ ಎಂಬ ಮಾತು ಅಮೆರಿಕಕ್ಕೆ ಪಠ್ಯಪುಸ್ತಕದ ಜಗಳ ಇರಬಹುದು. ನಮಗೆ ಅದು ಕೇರಿ ಎಲ್ಲಿರಬೇಕು, ಬಾವಿ ಯಾರದು ಎಂದು ತೀರ್ಮಾನ ಮಾಡಿದ ಮಾತು.

*4. ಮರುದಿನ ನಾನು ಹೇಳಿದ್ದು*

ಮರುದಿನ ಆ ಹುಡುಗನಲ್ಲಿ ಎಲ್ಲರ ಮುಂದೆ ತಪ್ಪಾಯಿತು ಎಂದೆ. ಆಮೇಲೆ ಮಕ್ಕಳನ್ನೇ ಕೇಳಿದೆ. ನಮ್ಮ ಪಾವಗಡ ಸೀಮೆಯಲ್ಲಿ ಅರ್ಧ ಮನೆಗಳಲ್ಲಿ ತೆಲುಗು ಅಲ್ಲವೇ? ಹಾಲಿಗೆ ಏನಂತೀರಿ? ‘ಪಾಲು’. ಹುಲಿಗೆ? ‘ಪುಲಿ’. ಹೂವಿಗೆ? ‘ಪುವ್ವು’. ತಮಿಳಿನಲ್ಲೂ ಪಾಲ್, ಪುಲಿ, ಪೂ. ಹಾಗಾದರೆ ತೆಲುಗು ಬದಲಾಗಿ ಕನ್ನಡ ಆಯಿತೇ? ಇಲ್ಲ. ಮೂರಕ್ಕೂ ಹಿಂದೆ ಒಂದೇ ತಾಯಿನುಡಿ ಇತ್ತು, ಅದು ಕವಲೊಡೆಯಿತು. ಆ ತಾಯಿನುಡಿಯನ್ನು ಯಾರೂ ಕೇಳಿಲ್ಲ. 1856ರಲ್ಲಿ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ವ್ಯಾಕರಣ ಬರೆದಾಗ, ಉಳಿದಿರುವ ಗುರುತುಗಳಿಂದಲೇ ಆ ಸಂಬಂಧ ತೋರಿಸಿದ.

‘ಪ’ಕಾರ ‘ಹ’ಕಾರ ಆಗಲಿ ಎಂದು ಯಾವ ರಾಜನೂ ಆಜ್ಞೆ ಮಾಡಲಿಲ್ಲ. ತಾಯಿಯ ಮಾತು ಮಗುವಿಗೆ ಅರ್ಥವಾಗದೆ ಹೋದ ದಿನ ಒಂದೂ ಇಲ್ಲ. ಆದರೂ ಸಾವಿರ ವರ್ಷದ ಆಚೆಯ ಪಂಪನನ್ನು ಇವತ್ತು ಅರ್ಥಕೋಶ ಇಲ್ಲದೆ ಓದಲಾರೆವು. ಸಣ್ಣ ಸಣ್ಣ ಬದಲಾವಣೆ, ದೀರ್ಘ ಕಾಲ, ಕವಲು. ಜೀವಿಗಳ ಕಥೆಗೂ ಇವು ಬೇಕು. ಮನುಷ್ಯ ಇವತ್ತಿನ ಕೋತಿಯಿಂದ ಬಂದವನಲ್ಲ, ಇಬ್ಬರಿಗೂ ಹಿಂದೆ ಒಬ್ಬರೇ ಪೂರ್ವಜರು. ಭಾಷೆಯ ಈ ಹೋಲಿಕೆಯನ್ನು ಡಾರ್ವಿನ್ ತಾನೇ 1871ರ ಪುಸ್ತಕದಲ್ಲಿ ಬಳಸಿದ್ದಾನೆ.

ಜೀವಿಗಳಲ್ಲಿ ಇನ್ನೊಂದು ಸೇರುತ್ತದೆ, ನಿಸರ್ಗದ ಆಯ್ಕೆ. ‘ಯಾರೂ ನೋಡಿಲ್ಲ’ ಎನ್ನುವವರು ಹತ್ತಿ ಬೆಳೆಯುವ ರೈತರನ್ನು ಕೇಳಬೇಕು. 2002ರಲ್ಲಿ ಬಿಟಿ ಹತ್ತಿ ಬಂತು, ಅದರ ವಿಷಕ್ಕೆ ಗುಲಾಬಿ ಕಾಯಿಕೊರಕ ಹುಳು ಸಾಯುತ್ತಿತ್ತು. ಲಕ್ಷಗಟ್ಟಲೆ ಹುಳುಗಳಲ್ಲಿ ಹೇಗೋ ವಿಷ ತಡೆದುಕೊಳ್ಳುವ ಕೆಲವು ಇದ್ದವು. ಉಳಿದವು ಸತ್ತವು, ಇವು ಮರಿ ಮಾಡಿದವು, ಮರಿಗಳಿಗೂ ಆ ಗುಣ ಬಂತು. 2010ರ ಹೊತ್ತಿಗೆ ಗುಜರಾತಿನಲ್ಲಿ ಹುಳು ಆ ವಿಷಕ್ಕೆ ಬಗ್ಗದಂತಾಯಿತು. ಯಾರೂ ವಿನ್ಯಾಸ ಮಾಡಲಿಲ್ಲ. ಕಾರಣಗಳು ಕೂಡಿದವು, ಫಲ ಬಂತು.

*5. ಏಹಿಪಸ್ಸಿಕೋ, ಬಂದು ನೋಡು*

ಇನ್ನು ಸಂದೇಶದ ಕಣ್ಣಿನ ಮಾತು. ನಂಬಬೇಡಿ, ಮಾಡಿ ನೋಡಿ. ಬಿಳಿ ಹಾಳೆಯ ಎಡಗಡೆ ಒಂದು ಕೂಡಿಸುವ ಚಿಹ್ನೆ, ಅದರಿಂದ ಬಲಕ್ಕೆ ಎಂಟು ಸೆಂಟಿಮೀಟರ್ ದೂರದಲ್ಲಿ ಒಂದು ದಪ್ಪ ಚುಕ್ಕಿ ಹಾಕಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡಿಸುವ ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು ನಿಧಾನಕ್ಕೆ ಹತ್ತಿರ ತನ್ನಿ. ಸುಮಾರು ಒಂದು ಅಡಿ ದೂರದಲ್ಲಿ ಚುಕ್ಕಿ ಮಾಯವಾಗುತ್ತದೆ.

ನಮ್ಮ ಕಣ್ಣಿನಲ್ಲಿ ನರದ ಎಳೆಗಳು ಬೆಳಕು ಹಿಡಿಯುವ ಪದರದ ಮುಂದೆ ಹಾಯುತ್ತವೆ. ಅವು ಹಿಂದಕ್ಕೆ ಹೋಗಲು ಒಂದು ತೂತು ಬೇಕು, ಆ ಜಾಗ ಕುರುಡು. ಆಕ್ಟೋಪಸ್ ಕಣ್ಣಿನಲ್ಲಿ ನರಗಳು ಹಿಂದಿನಿಂದಲೇ ಹೋಗುತ್ತವೆ, ಅದಕ್ಕೆ ಈ ಕುರುಡು ಚುಕ್ಕಿ ಇಲ್ಲ. ಬೆಳಕು ಕತ್ತಲೆಯಷ್ಟೇ ತಿಳಿಯುವ ಕಣ್ಣಿನ ಜೀವಿಗಳೂ, ಬರೀ ಗುಳಿಯಂಥ ಕಣ್ಣಿನ ಜೀವಿಗಳೂ ಇಂದಿಗೂ ಇವೆ. ಕಣ್ಣು ಒಂದೇ ಏಟಿಗೆ ಆದದ್ದಲ್ಲ.

ಇದರಿಂದ ದೇವರು ಇಲ್ಲ ಎಂದು ಸಾಬೀತಾಯಿತು ಅಂತ ನಾನು ಹೇಳುತ್ತಿಲ್ಲ. ‘ಕಣ್ಣು ಕುಂದಿಲ್ಲದ್ದು, ಆದ್ದರಿಂದ ಮಾಡಿದವನಿದ್ದಾನೆ’ ಎಂಬ ವಾದ ನಿಲ್ಲುವುದಿಲ್ಲ, ಅಷ್ಟೆ.

*6. ನಮ್ಮಪ್ಪನ ಮಂಡಿ*

‘ಯಾರೋ ಹಾಗೆ ಮಾಡಿದ್ದಾರೆ’ ಎಂಬ ಉತ್ತರದಿಂದ ಏನಾಗುತ್ತದೆ ಎಂಬುದನ್ನು ನಾನು ಮನೆಯಲ್ಲೇ ನೋಡಿದ್ದೇನೆ. ನಮ್ಮಪ್ಪ ನಲವತ್ತೈದಕ್ಕೇ ಕೋಲು ಹಿಡಿದರು. ಮಂಡಿ ಬಾಗಿತು, ಬೆನ್ನು ಬಗ್ಗಿತು, ಹಲ್ಲು ಕಂದು. ನಮ್ಮ ಬೀದಿಯಲ್ಲಿ ಅಂಥವರು ಒಬ್ಬಿಬ್ಬರಲ್ಲ. ಹಿರಿಯರನ್ನು ಕೇಳಿದರೆ ‘ಹೋದ ಜನ್ಮದ್ದು, ಹಣೆಬರಹ’ ಎನ್ನುತ್ತಿದ್ದರು. ಆ ಉತ್ತರ ಕೇಳಿದ ಮೇಲೆ ಯಾರೂ ಇನ್ನೇನೂ ಕೇಳಲಿಲ್ಲ. ಅದೇ ಬೋರ್‌ವೆಲ್ ನೀರು ಕುಡಿಯುತ್ತಾ ಹೋದೆವು.

ಕಾರಣ ನೀರಿನಲ್ಲಿತ್ತು. ಆಳದ ಕಲ್ಲಿನಿಂದ ಕರಗಿ ಬರುವ ಫ್ಲೋರೈಡ್. ಒಂದು ಲೀಟರ್ ನೀರಿನಲ್ಲಿ ಅದು 1.5 ಮಿಲಿಗ್ರಾಂ ಮೀರಬಾರದು, ಪಾವಗಡದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಮೀರಿತ್ತು. ನಮ್ಮೂರ ಪಕ್ಕದ ಉತ್ತರ ಪಿನಾಕಿನಿ ಆಂಧ್ರದೊಳಗೆ ಹರಿದು ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ಆ ನೆಲ್ಲೂರು ಜಿಲ್ಲೆಯಲ್ಲೇ 1937ರಲ್ಲಿ ವೈದ್ಯರು ಈ ಕಾಯಿಲೆಯನ್ನೂ ಫ್ಲೋರೈಡನ್ನೂ ಜೋಡಿಸಿ ವರದಿ ಬರೆದಿದ್ದರು. ಕಾರಣ ಗೊತ್ತಿತ್ತು, ನಮ್ಮ ಬೀದಿಗೆ ಬರಲಿಲ್ಲ. ಬಂದ ಮೇಲೆ ಶುದ್ಧ ನೀರಿನ ಘಟಕ ಬಂತು, ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವೆ. ನನ್ನ ಮಕ್ಕಳ ಹಲ್ಲು ಬೆಳ್ಳಗಿವೆ. ಅಪ್ಪನ ಮಂಡಿ ಮಾತ್ರ ನೇರವಾಗಲಿಲ್ಲ.

ಇದು ಇದ್ದರೆ ಅದು ಆಗುತ್ತದೆ, ಇದು ನಿಂತರೆ ಅದೂ ನಿಲ್ಲುತ್ತದೆ. ಪಟಿಚ್ಚಸಮುಪ್ಪಾದ ನನಗೆ ಪುಸ್ತಕದಲ್ಲಿ ಅರ್ಥವಾಗಲಿಲ್ಲ, ನೀರಿನ ಕ್ಯಾನ್ ಹೊತ್ತಾಗ ಅರ್ಥವಾಯಿತು. ದುಃಖಕ್ಕೆ ಕಾರಣ ಇದೆ ಎಂದು ಒಪ್ಪಿದವರು ಮಾತ್ರ ಕಾರಣ ಹುಡುಕುತ್ತಾರೆ, ಹುಡುಕಿದವರು ಮಾತ್ರ ಅದನ್ನು ನಿಲ್ಲಿಸಬಲ್ಲರು.

*7. ಧಮ್ಮದಲ್ಲಿ ಏನಿದೆ, ಏನಿಲ್ಲ*

ಸುತ್ತನಿಪಾತದ ವಾಸೆಟ್ಠ ಸುತ್ತದಲ್ಲಿ ಇಬ್ಬರು ಬ್ರಾಹ್ಮಣ ಯುವಕರು ಬುದ್ಧರ ಬಳಿ ಬರುತ್ತಾರೆ. ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ ನಡತೆಯಿಂದಲೋ ಎಂಬುದು ಅವರ ಜಗಳ. ಬುದ್ಧರು ಹುಲ್ಲು, ಮರ, ಇರುವೆ, ನಾಲ್ಕು ಕಾಲಿನ ಪ್ರಾಣಿ, ಹಾವು, ಮೀನು, ಹಕ್ಕಿ ಎಲ್ಲವನ್ನೂ ತೋರಿಸುತ್ತಾರೆ. ಇವುಗಳಲ್ಲಿ ಜಾತಿ ಜಾತಿಗೆ ಬೇರೆ ಗುರುತು ಇದೆ, ಮನುಷ್ಯರಲ್ಲಿ ಕೂದಲಿನಿಂದ ಪಾದದವರೆಗೆ ಅಂಥ ಗುರುತು ಇಲ್ಲ, ಭೇದ ಇರುವುದು ಕರೆಯುವ ಹೆಸರಿನಲ್ಲಿ ಮಾತ್ರ ಎನ್ನುತ್ತಾರೆ. ಅಗ್ಗಞ್ಞ ಸುತ್ತದಲ್ಲಿ ಬ್ರಹ್ಮನ ಬಾಯಿಂದ ಹುಟ್ಟಿದೆವು ಎನ್ನುವವರಿಗೆ ಸರಳ ಉತ್ತರವಿದೆ: ಬ್ರಾಹ್ಮಣರ ಹೆಂಗಸರೂ ಮುಟ್ಟಾಗುತ್ತಾರೆ, ಬಸಿರಾಗುತ್ತಾರೆ, ಹೆರುತ್ತಾರೆ, ಹಾಲು ಕುಡಿಸುತ್ತಾರೆ, ಇದು ಎಲ್ಲರಿಗೂ ಕಾಣುತ್ತದೆ. ಕಣ್ಣಿಗೆ ಕಾಣುವುದನ್ನೇ ಸಾಕ್ಷಿ ಮಾಡಿದರು. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ (1957) ಇದೇ ದಾರಿ ಹಿಡಿದು ಕೇಳುತ್ತಾರೆ: ದೇವರು ಜಗತ್ತನ್ನು ಏನೂ ಇಲ್ಲದುದರಿಂದ ಮಾಡಿದನೇ, ಏನೋ ಇದ್ದುದರಿಂದ ಮಾಡಿದನೇ? ಇದ್ದುದರಿಂದ ಎಂದರೆ ಅದನ್ನು ಅವನು ಮಾಡಲಿಲ್ಲ ಎಂದಾಯಿತು.

ಆದರೆ ಬಂಧುಗಳೇ, ಇಲ್ಲಿ ನಮಗೂ ಒಂದು ಎಚ್ಚರಿಕೆ ಬೇಕು. 2019ರ ಜನವರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲೇ ಆಂಧ್ರ ವಿಶ್ವವಿದ್ಯಾಲಯದ ಅಂದಿನ ಕುಲಪತಿಗಳು ದಶಾವತಾರ ಡಾರ್ವಿನ್‌ಗಿಂತ ಮೇಲು ಎಂದರು. ಆ ಪಟ್ಟಿಯಲ್ಲಿ ಬುದ್ಧರನ್ನು ಒಂಬತ್ತನೇ ಅವತಾರ ಮಾಡಿ ಸೇರಿಸುವುದುಂಟು, ಬುದ್ಧರು ವಿಷ್ಣುವಿನ ಅವತಾರ ಎಂಬುದನ್ನು ಒಪ್ಪುವುದಿಲ್ಲ ಎಂದು 1956ರ ಅಕ್ಟೋಬರ್ 14ರ ದೀಕ್ಷೆಯಲ್ಲೇ ಪ್ರತಿಜ್ಞೆ ಇದೆ. ಸರಿ. ಆದರೆ ನಮ್ಮ ಗುಂಪುಗಳಲ್ಲೂ ‘ಡಾರ್ವಿನ್‌ಗಿಂತ ಮೊದಲೇ ಬುದ್ಧರು ವಿಕಾಸವಾದ ಹೇಳಿದ್ದರು’ ಎಂದು ಅಗ್ಗಞ್ಞ ಸುತ್ತದ ಹೆಸರಿನಲ್ಲಿ ಸಂದೇಶ ಓಡಾಡುತ್ತದೆ. ಆ ಸುತ್ತದಲ್ಲಿ ಬೆಳಕಿನ ಮೈಯ ಜೀವಿಗಳು ಭೂಮಿಯ ರಸ ತಿಂದು ಒರಟಾದ ಕಥೆ ಇದೆ, ಅದು ಜೀವಶಾಸ್ತ್ರವಲ್ಲ. ಅದರ ಬೆಲೆ ಬೇರೆ: ವರ್ಣ ಮೇಲಿನಿಂದ ಬರಲಿಲ್ಲ, ಮನುಷ್ಯರ ನಡುವೆಯೇ ಆಯಿತು ಎಂದು ಹೇಳಿದ್ದು. ಅವರು ಮಾಡಿದರೆ ತಪ್ಪು, ನಾವು ಮಾಡಿದರೆ ಹೆಮ್ಮೆ ಎನ್ನುವಂತಿಲ್ಲ. ಕಾಲಾಮರಿಗೆ ಬುದ್ಧರು ಹೇಳಿದ್ದು ನಮಗೂ ಸೇರಿ.

ಇನ್ನೊಂದು. ಡಾರ್ವಿನ್ ಹೆಸರು ಹೇಳಿಕೊಂಡೇ ‘ಬಲವಿದ್ದವನು ಬಾಳುತ್ತಾನೆ, ಮೇಲು ಕೀಳು ನಿಸರ್ಗದ ನಿಯಮ’ ಎಂದವರೂ ಇದ್ದಾರೆ. ಜಾತಿಯಿಂದ ರಕ್ತಶುದ್ಧಿ ಉಳಿಯುತ್ತದೆ ಎಂಬ ವಾದವನ್ನು ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಮುರಿದರು. ಪಂಜಾಬಿನ ಬ್ರಾಹ್ಮಣ ಮತ್ತು ಪಂಜಾಬಿನ ಚಮಾರ ಒಂದೇ ಜನಾಂಗದ ಮೂಲದವರು ಎಂದು ತೋರಿಸಿದರು. ಹೇಗೆ ಬಂದೆವು ಎಂದು ವಿಜ್ಞಾನ ಹೇಳುತ್ತದೆ. ಹೇಗೆ ಬಾಳಬೇಕು ಎಂಬುದಕ್ಕೆ ಪ್ರಜ್ಞೆ, ಶೀಲ, ಕರುಣೆ ಬೇಕು.

*8. ಹಾಗಾದರೆ ತಂಗಿಗೆ ಉತ್ತರ*

ತಂಗೀ, ಎಲ್ಲವನ್ನೂ ಕೇಳು ಎಂದ ಬುದ್ಧರು ಎಲ್ಲವನ್ನೂ ಸಮ ತೂಗು ಎನ್ನಲಿಲ್ಲ, ಪರೀಕ್ಷೆ ಮಾಡು ಎಂದರು. ವಿಕಾಸವಾದವನ್ನು ಪರೀಕ್ಷಿಸಬಹುದು, ತಪ್ಪಿದ್ದರೆ ತಿದ್ದಬಹುದು, ವಿಜ್ಞಾನಿಗಳು ದಿನವೂ ತಿದ್ದುತ್ತಿದ್ದಾರೆ. ‘ಯಾರೋ ಮಾಡಿದರು’ ಎಂಬುದನ್ನು ಹೇಗೆ ಪರೀಕ್ಷಿಸುವುದು? ಏನು ಕಂಡರೂ ಅದಕ್ಕೆ ಅದೇ ಉತ್ತರ. ಒಂದು ಕಡೆ ಪ್ರಶ್ನೆಯ ಬಾಗಿಲು, ಇನ್ನೊಂದು ಕಡೆ ಗೋಡೆ. ಎರಡನ್ನೂ ಬಾಗಿಲು ಎಂದು ಮಕ್ಕಳಿಗೆ ತೋರಿಸಿದರೆ ಅದು ಆಯ್ಕೆ ಕೊಟ್ಟಂತಲ್ಲ.

ಮನೆಯಲ್ಲಿ, ಗುಡಿಯಲ್ಲಿ, ಮಸೀದಿಯಲ್ಲಿ, ಚರ್ಚಿನಲ್ಲಿ ಯಾರು ಏನು ನಂಬಲಿ, ಅದು ಅವರ ಹಕ್ಕು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು 51ಎ (ಎಚ್) ಪ್ರಕಾರ ನಮ್ಮೆಲ್ಲರ ಮೂಲಭೂತ ಕರ್ತವ್ಯ. ಆದರೆ ದೇವರನ್ನು ನಂಬುವ ಮಗುವನ್ನು ಯಾರೂ ಗೇಲಿ ಮಾಡಬಾರದು. ನಕ್ಕರೆ ಮಗು ಕೂತುಬಿಡುತ್ತದೆ, ಮತ್ತೆ ಏಳುವುದಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಮ್ಯಕ್ ವಾಚಾ ವಿಜ್ಞಾನದ ಪಾಠಕ್ಕೂ ಸೇರಿದ್ದು.

ಆ ಹುಡುಗ ಈಗ ಐಟಿಐ ಓದುತ್ತಿದ್ದಾನೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. “ಅಜ್ಜಿಗೆ ಪಾಲು, ಹಾಲು ಹೇಳ್ದೆ ಮೇಡಂ” ಎಂದ. ಅಜ್ಜಿ ಏನಂದರು ಎಂದೆ. “ಹಂಗಾದ್ರೆ ಎಲ್ರೂ ಒಂದೇ ಬಳ್ಳಿ ಕಾಯಿ ಅನ್ನು ಅಂದ್ಲು” ಎಂದು ನಕ್ಕ.

*ಈ ವಾರ ನಾವು ಮಾಡಬೇಕಾದದ್ದು*

ಒಂದು: ಮನೆಯ ಮಕ್ಕಳ ಜೊತೆ ಕೂತು ಕಣ್ಣಿನ ಆ ಪ್ರಯೋಗ ಮಾಡಿ. ಅವರೇ ಕಂಡುಹಿಡಿಯಲಿ.

ಎರಡು: ‘ಹಣೆಬರಹ’ ಎಂದು ಕೈಬಿಟ್ಟ ನಿಮ್ಮ ಮನೆಯ ಒಂದು ಕಷ್ಟ ನೆನಪಿಸಿಕೊಳ್ಳಿ. ಅದರ ಕಾರಣ ಹುಡುಕಿದ್ದೀರಾ? ಭಾನುವಾರ ಹಂಚಿಕೊಳ್ಳೋಣ.

ಮೂರು: ಪಿಯುಸಿ ಓದುವ ಮಕ್ಕಳಿದ್ದರೆ ತೇಜಸ್ವಿಯವರ ‘ಕರ್ವಾಲೊ’ ಕೊಡಿ. ಹಾರುವ ಓತಿಯ ಹಿಂದೆ ಹೊರಟವರ ಕಥೆಯಲ್ಲೇ ಜೀವವಿಕಾಸವೂ ಇದೆ. ಪಾಠ ಪುಸ್ತಕದಿಂದ ಹೋದರೂ ಕನ್ನಡದಿಂದ ಹೋಗಿಲ್ಲ.

ತಪ್ಪು ಕಂಡರೆ ತಿದ್ದಿ. ಒಪ್ಪಿಗೆಯಾದರೆ ಇನ್ನೊಬ್ಬರಿಗೆ ಕಳಿಸಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್.